ತಾಯಿ ತೀರಿಕೊಂಡ ಮೇಲೆ ನಿಂತುಹೋದ ಕೆಲಸಗಳನ್ನು ಮೊದಲು ಎಣಿಸಿ

ಪ್ರಶ್ನೆ: ದಾವಣಗೆರೆಯಲ್ಲಿ ಕೊಳಗೇರಿ ಮಂಡಳಿ ಕಟ್ಟಿಸಿಕೊಟ್ಟ ಮೂರಂತಸ್ತಿನ ಕಟ್ಟಡ ನಮ್ಮದು, ಒಟ್ಟು 24 ಮನೆ. ನಾನು ನಿವಾಸಿಗಳ ಸಂಘದ ಕಾರ್ಯದರ್ಶಿ. ಮೊದಲ ಮಹಡಿಯಲ್ಲಿ 38 ವರ್ಷದ ಒಬ್ಬರು ಒಂಟಿಯಾಗಿದ್ದಾರೆ. ಎಂಟು ತಿಂಗಳ ಹಿಂದೆ ಅವರ ತಾಯಿ ಮನೆಯಲ್ಲೇ ತೀರಿಕೊಂಡರು. ಮನೆ ಇನ್ನೂ ತಾಯಿಯ ಹೆಸರಿನಲ್ಲಿದೆ. ಇವರಿಗೆ ಬಹಳ ವರ್ಷಗಳಿಂದ ಮಾನಸಿಕ ಕಾಯಿಲೆ ಇತ್ತು, ಗುಳಿಗೆ ತಗೊಳ್ಳುತ್ತಿದ್ದರು. ಈಗ ರಾತ್ರಿಯಿಡೀ ಒಬ್ಬರೇ ಜೋರಾಗಿ ಮಾತಾಡುತ್ತಾರೆ, ಗೋಡೆ ಗುದ್ದುತ್ತಾರೆ. ಮನೆಯೊಳಗೆ ಕಸ ಗುಡ್ಡೆ ಬಿದ್ದಿದೆ, ಕರೆಂಟ್ ಕಟ್ ಆಗಿದೆ. ಯಾರ ಮೇಲೂ ಕೈ ಮಾಡಿಲ್ಲ. ಆದರೂ ‘ಮನೆ ಖಾಲಿ ಮಾಡಿಸಿ’ ಎಂಬ ಅರ್ಜಿಗೆ 17 ಮನೆಯವರು ಸಹಿ ಹಾಕಿದ್ದಾರೆ. ದೂರದ ಸಂಬಂಧಿಯೊಬ್ಬರು ಬಂದು ‘ಮನೆ ನನಗೆ ಬರೆದುಕೊಡಲಿ, ನಾನು ನೋಡ್ಕೋತೀನಿ’ ಅನ್ನುತ್ತಿದ್ದಾರೆ. ಸಂಘದವರು ಏನು ಮಾಡಬೇಕು?

ಉತ್ತರ: ಆ ಅರ್ಜಿಯನ್ನು ಸದ್ಯಕ್ಕೆ ಕಳಿಸಬೇಡಿ. ಮನೆ ಖಾಲಿ ಮಾಡಿಸುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲ ಎಂಬುದು ಒಂದು ಕಾರಣ. ದೊಡ್ಡ ಕಾರಣ ಬೇರೆ ಇದೆ. ಈ ಕಾಯಿಲೆಗೆ ಚಿಕಿತ್ಸೆ ವರ್ಷಗಟ್ಟಲೆ ನಡೆಯಬೇಕು, ಅದಕ್ಕೆ ಒಂದು ವಿಳಾಸ ಬೇಕು. ರೇಷನ್ ಕಾರ್ಡು, ಪಿಂಚಣಿ, ಆಸ್ಪತ್ರೆಯ ಫೈಲು, ತಿಂಗಳ ಇಂಜೆಕ್ಷನ್ನು ನೆನಪಿಸಲು ಬರುವ ಕಾರ್ಯಕರ್ತೆ, ಎಲ್ಲರೂ ಎಲ್ಲವೂ ಬಂದು ಮುಟ್ಟುವುದು ಆ ಬಾಗಿಲಿಗೆ. ಬಾಗಿಲು ಹೋದರೆ ಆಮೇಲೆ ಅವರನ್ನು ಬಸ್ ನಿಲ್ದಾಣದಲ್ಲೋ ರೈಲ್ವೆ ಸ್ಟೇಷನ್‌ನಲ್ಲೋ ಹುಡುಕಬೇಕಾಗುತ್ತದೆ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ‘ಎಂಟು ತಿಂಗಳ ಹಿಂದೆ ತಾಯಿ ತೀರಿಕೊಂಡರು’ ಎಂಬುದು. ಕಾಯಿಲೆ ಹಳೆಯದು. ಹೊಸದಾಗಿ ಮುರಿದದ್ದು ತಾಯಿ ದಿನಾ ಮಾಡುತ್ತಿದ್ದ ಕೆಲಸ. ಸಂಘದಿಂದ ಇಬ್ಬರು ಒಂದು ಹಾಳೆ ಹಿಡಿದು ಕೂತು ಆ ಕೆಲಸಗಳನ್ನು ಬರೆಯಿರಿ. ರಾತ್ರಿ ಗುಳಿಗೆ ಕೈಗೆ ಕೊಡುತ್ತಿದ್ದವರು ಯಾರು, ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ಸಾಲಿನಲ್ಲಿ ನಿಲ್ಲುತ್ತಿದ್ದವರು ಯಾರು, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವರು ಯಾರು, ನಲ್ಲಿ ನೀರು ಬಂದ ದಿನ ಕೊಡ ಹಿಡಿಯುತ್ತಿದ್ದವರು ಯಾರು, ‘ಇವತ್ತು ಅವನಿಗೆ ಸರಿಯಿಲ್ಲ, ಸುಮ್ಮನಿರಿ’ ಎಂದು ಪಕ್ಕದ ಮನೆಗೆ ಹೇಳುತ್ತಿದ್ದವರು ಯಾರು. ಹಣದ ಲೆಕ್ಕವನ್ನೂ ಬರೆಯಿರಿ. ತಾಯಿಗೆ ಸಂಧ್ಯಾ ಸುರಕ್ಷಾ ಅಥವಾ ವಿಧವಾ ವೇತನ, ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತಿದ್ದರೆ ಅದೆಲ್ಲ ಅವರ ಹೆಸರಿನಲ್ಲಿದ್ದ ಹಣ, ಅವರೊಂದಿಗೇ ನಿಂತಿತು. ಹಾಳೆ ತುಂಬುವ ಹೊತ್ತಿಗೆ ಮುಂದಿನ ಆರು ತಿಂಗಳ ಕೆಲಸ ನಿಮ್ಮ ಕಣ್ಣ ಮುಂದಿರುತ್ತದೆ.

ಗುಳಿಗೆ ನಿಂತ ಮರುದಿನವೇ ಕಾಯಿಲೆ ಮರುಕಳಿಸುವುದಿಲ್ಲ. ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಮನುಷ್ಯ ಚೆನ್ನಾಗಿಯೇ ಕಾಣುತ್ತಾನೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಫ್ಲೂಫೆನಜಿನ್‌ನಂಥ ಇಂಜೆಕ್ಷನ್ನು ತಪ್ಪಿದಾಗಲೂ ಹೀಗೇ. ಆದ್ದರಿಂದಲೇ ‘ಗುಳಿಗೆ ಇಲ್ಲದೆಯೂ ಚೆನ್ನಾಗಿದ್ದನಲ್ಲ, ಈಗ ಬೇಕಂತಲೇ ಹೀಗೆ ಮಾಡುತ್ತಿದ್ದಾನೆ’ ಎಂದು ಅಕ್ಕಪಕ್ಕದವರಿಗೆ ಅನಿಸುವುದು. ಬೇಕಂತ ಮಾಡುವುದಲ್ಲ. ರಾತ್ರಿ ಅವರು ಜೋರಾಗಿ ಮಾತಾಡುವುದು ಬಹುಪಾಲು ಕಿವಿಗೆ ಕೇಳಿಸುವ ದನಿಗಳಿಗೆ ಕೊಡುವ ಉತ್ತರ. ಸುತ್ತಲಿನ ಸದ್ದೆಲ್ಲ ಅಡಗಿದ ಹೊತ್ತಿನಲ್ಲಿ ಅವು ಜೋರಾಗುತ್ತವೆ, ಕರೆಂಟಿಲ್ಲದ ಕತ್ತಲೆ ಅದಕ್ಕೆ ಇನ್ನಷ್ಟು ಭಯ ಸೇರಿಸುತ್ತದೆ.

ಮಾತಾಡಲು ಹೋಗುವುದು ಹೇಗೆಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ, ಹೆಚ್ಚಾಗಿ ಎಡವುವುದೂ ಇಲ್ಲೇ. ಏಳೆಂಟು ಜನ ಒಟ್ಟಾಗಿ, ರಾತ್ರಿ, ಗದ್ದಲವಾದ ತಕ್ಷಣ ಹೋಗುತ್ತಾರೆ. ಯಾರೋ ತನ್ನನ್ನು ಮುಗಿಸಲು ಸಂಚು ಮಾಡಿದ್ದಾರೆ ಎಂದು ಮೊದಲೇ ನಂಬಿರುವ ವ್ಯಕ್ತಿಗೆ ಆ ಗುಂಪೇ ಸಾಕ್ಷಿಯಾಗುತ್ತದೆ. ಹಾಗೆ ಮಾಡಬೇಡಿ. ತಾಯಿಯ ಜೊತೆ ಒಡನಾಟವಿದ್ದ ಒಬ್ಬರನ್ನು ಆರಿಸಿ, ಜೊತೆಗೆ ಇನ್ನೊಬ್ಬರು ಮಾತ್ರ ಇರಲಿ. ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತು ಒಳ್ಳೆಯದು. ಬಾಗಿಲಿಗೆ ಅಡ್ಡಲಾಗಿ ನಿಲ್ಲದೆ ಒಂದು ಪಕ್ಕಕ್ಕೆ, ಎರಡು ತೋಳಿನಷ್ಟು ದೂರದಲ್ಲಿ ನಿಲ್ಲಿ. ಒಳಗೆ ಕರೆಯದೆ ಒಳಗೆ ಕಾಲಿಡಬೇಡಿ. ಮೊದಲ ಮಾತು ಕಸದ ಬಗ್ಗೆಯೂ ಬೇಡ, ಆಸ್ಪತ್ರೆಯ ಬಗ್ಗೆಯೂ ಬೇಡ. ‘ತಮ್ಮಾ, ಊಟ ಆತಾ?’ ಸಾಕು. ಒಂದು ಪೊಟ್ಟಣ ಮಂಡಕ್ಕಿ, ಒಂದು ಲೋಟ ಚಹಾ ಕೊಟ್ಟು ಐದು ನಿಮಿಷದಲ್ಲಿ ಹೊರಟುಬಿಡಿ. ಮರುದಿನ ಅದೇ ವ್ಯಕ್ತಿ, ಅದೇ ಹೊತ್ತಿಗೆ. ನಾಲ್ಕನೆಯ ದಿನವೋ ಎಂಟನೆಯ ದಿನವೋ ಅವರೇ ಮಾತು ತೆಗೆಯುತ್ತಾರೆ.

‘ಗೋಡೆಯೊಳಗಿಂದ ಬೈತಾರೆ’ ಎಂದು ಅವರು ಹೇಳಿದರೆ ವಾದ ಮಾಡಬೇಡಿ, ‘ಹೌದೌದು’ ಎಂದು ತಲೆಯಾಡಿಸಲೂ ಬೇಡಿ. ಎರಡೂ ನಂಬಿಕೆ ಕೆಡಿಸುತ್ತವೆ. ‘ನನಗೆ ಕೇಳಿಸ್ತಿಲ್ಲ ತಮ್ಮಾ, ಆದ್ರೆ ನಿನಗೆ ನಿದ್ದೆ ಇಲ್ಲ, ಭಯ ಆಗೈತಿ ಅನ್ನೋದು ಕಾಣ್ತತಿ’ ಎನ್ನಿ. ನಿದ್ದೆಯೇ ಒಳಹೋಗಲು ಒಳ್ಳೆಯ ದಾರಿ. ತಮಗೆ ಕಾಯಿಲೆಯಿದೆ ಎಂದು ಒಪ್ಪದವರೂ ನಿದ್ದೆ ಬರುತ್ತಿಲ್ಲ ಎಂಬುದನ್ನು ಒಪ್ಪುತ್ತಾರೆ, ನಿದ್ದೆಗೆ ಔಷಧಿ ಕೇಳಲು ಆಸ್ಪತ್ರೆಗೆ ಬರುತ್ತಾರೆ. ‘ಸುಮ್ನೆ ಸುತ್ತಾಡಿ ಬರೋಣ’ ಎಂದು ಸುಳ್ಳು ಹೇಳಿ ಕರೆದೊಯ್ಯುವುದು, ಸಾರಿನಲ್ಲಿ ಗುಳಿಗೆ ಪುಡಿ ಬೆರೆಸುವುದು ಬೇಡವೇ ಬೇಡ. ಒಮ್ಮೆ ಗೊತ್ತಾದರೆ ಊಟಕ್ಕೆ ವಿಷ ಹಾಕುತ್ತಾರೆ ಎಂಬ ಅವರ ಭಯವನ್ನು ನೀವೇ ನಿಜ ಮಾಡಿದಂತಾಗುತ್ತದೆ. ಆಮೇಲೆ ಯಾರ ಕೈಯ ಅನ್ನವನ್ನೂ ಮುಟ್ಟುವುದಿಲ್ಲ.

ಕಾಯದೆ ಓಡಬೇಕಾದ ಸಂದರ್ಭಗಳಿವೆ. ಎರಡು ದಿನದಿಂದ ಊಟ ನೀರು ಬಿಟ್ಟಿದ್ದಾರೆ; ಸಾಯುವ ಮಾತಾಡುತ್ತಾರೆ ಅಥವಾ ದನಿಗಳು ಸಾಯಲು ಹೇಳುತ್ತಿವೆ ಎನ್ನುತ್ತಾರೆ; ಬೆಂಕಿ ಹಚ್ಚುತ್ತಾರೆ, ಗ್ಯಾಸ್ ತೆರೆದಿಡುತ್ತಾರೆ; ಕಲ್ಲಿನಂತೆ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕೂತಿದ್ದಾರೆ. ಆಗ 108 ಅಥವಾ 112. ಜ್ವರ ಬಂದು ಮೈ ಸೆಟೆದುಕೊಂಡರೆ, ಫಿಟ್ಸ್ ಬಂದರೆ, ದಿನಾ ಕುಡಿಯುತ್ತಿದ್ದವರು ಏಕಾಏಕಿ ಬಿಟ್ಟು ಎರಡು ಮೂರು ದಿನಕ್ಕೆ ನಡುಗುತ್ತ ಇಲ್ಲದ ಹುಳ ಕಾಣತೊಡಗಿದರೆ ಅದು ಜೀವಕ್ಕೆ ಅಪಾಯದ ಸ್ಥಿತಿ, ಎಮರ್ಜೆನ್ಸಿ ವಾರ್ಡಿಗೇ ಒಯ್ಯಬೇಕು. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಲು ಹಿಂಜರಿಯಬೇಡಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಇನ್ನು ಆಸ್ಪತ್ರೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗುವ ಮೊದಲು ತಾಯಿಯ ಟ್ರಂಕು, ದೇವರ ಗೂಡು, ಕ್ಯಾಲೆಂಡರಿನ ಹಿಂಭಾಗವನ್ನು ಅವರ ಒಪ್ಪಿಗೆ ಪಡೆದು ಹುಡುಕಿ. ಹಳೇ ಚೀಟಿ, ಖಾಲಿ ಗುಳಿಗೆ ಪಟ್ಟಿ ಸಿಕ್ಕರೆ ವೈದ್ಯರಿಗೆ ವರ್ಷಗಳ ಮಾಹಿತಿ ಸಿಕ್ಕಂತೆ. ಉಳಿದ ಗುಳಿಗೆಯನ್ನು ಮಾತ್ರ ನೀವೇ ಶುರು ಮಾಡಿಸಬೇಡಿ. ಉದಾಹರಣೆಗೆ, ಕ್ಲೋಜಪಿನ್ ಎಂಬ ಗುಳಿಗೆ 48 ಗಂಟೆಗಿಂತ ಹೆಚ್ಚು ತಪ್ಪಿದ್ದರೆ ಮತ್ತೆ 12.5 ಮಿಲಿಗ್ರಾಂನಿಂದ ಮೇಲೇರಿಸಬೇಕು. ಎಂಟು ತಿಂಗಳ ನಂತರ ಹಳೇ ಪ್ರಮಾಣ ಒಂದೇ ಸಲ ನುಂಗಿಸಿದರೆ ರಕ್ತದೊತ್ತಡ ಕುಸಿದು ಬೀಳಬಹುದು. ಜೊತೆಗೆ ಎರಡು ವಾರದ ಟಿಪ್ಪಣಿ ಒಯ್ಯಿರಿ: ತಾರೀಖು, ಹೊತ್ತು, ಕಂಡದ್ದು, ಕೇಳಿಸಿದ್ದು. ‘ಹುಚ್ಚುಚ್ಚಾಗಿ ಆಡ್ತಾನೆ’ ಎಂದು ಬರೆದರೆ ವೈದ್ಯರಿಗೆ ಏನೂ ತಿಳಿಯದು. ‘ರಾತ್ರಿ 1ರಿಂದ 4, ಒಬ್ಬರೇ ಜಗಳದ ದನಿ, ಐದು ಸಲ ಗೋಡೆ ಗುದ್ದಿದರು, ಮಧ್ಯಾಹ್ನ ಊಟ ಮಾಡಲಿಲ್ಲ’ ಎಂದು ಬರೆದರೆ ಅರ್ಧ ರೋಗನಿರ್ಣಯ ಅಲ್ಲೇ ಇದೆ. ಬಡತನ ರೇಖೆಗಿಂತ ಕೆಳಗಿನವರಿಗೆ ಸರ್ಕಾರಿ ಮಾನಸಿಕ ಚಿಕಿತ್ಸೆ ಉಚಿತ. ಕೈಯಲ್ಲಿ ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಉಚಿತ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ.

ಅವರು ಬರಲು ಒಪ್ಪದಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನು ಕೇಳಿ. ಅದರಲ್ಲಿ ಮನೋವೈದ್ಯರ ಜೊತೆ ಸಮಾಜ ಕಾರ್ಯಕರ್ತರು, ನರ್ಸ್ ಇರುತ್ತಾರೆ. ಸಮಾಜ ಕಾರ್ಯಕರ್ತರು ಒಮ್ಮೆ ಮನೆಗೆ ಬರಲು ಸಾಧ್ಯವೇ ಎಂದು ವಿಚಾರಿಸಿ. ಹರಿಹರ, ಹಿರಿಯೂರು, ಚಳ್ಳಕೆರೆಯಂಥ ಕಡೆ ಇದೇ ತೊಂದರೆ ಇರುವವರು ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವುದನ್ನು ವಿಚಾರಿಸಿಕೊಳ್ಳಬಹುದು. ರಾತ್ರಿ ಎರಡು ಗಂಟೆಗೆ ಏನು ಮಾಡಬೇಕೆಂದು ತೋಚದಿದ್ದಾಗ ಟೆಲಿ ಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, 14416. ಕನ್ನಡದಲ್ಲೇ ಮಾತಾಡುತ್ತಾರೆ. ಕಾಯಿಲೆಯವರೇ ಕರೆ ಮಾಡಬೇಕೆಂದಿಲ್ಲ, ಪಕ್ಕದ ಮನೆಯವರು ಮಾಡಿ ಸಲಹೆ ಕೇಳಬಹುದು.

ಒಪ್ಪಿಗೆಯಿಲ್ಲದೆ ದಾಖಲಿಸುವ ದಾರಿ ಕಾನೂನಿನಲ್ಲಿದೆ, ಆದರೆ ಕಿರಿದಾಗಿದೆ. ತನಗೋ ಇತರರಿಗೋ ಅಪಾಯ ಅಥವಾ ಅಪಾಯವಾಗುವಷ್ಟು ಮಟ್ಟಿಗೆ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮೊದಲಿಗೆ ಗರಿಷ್ಠ 30 ದಿನ. ಇದಕ್ಕೆ ‘ನಾಮನಿರ್ದೇಶಿತ ಪ್ರತಿನಿಧಿ’ಯ, ಅಂದರೆ ಚಿಕಿತ್ಸೆಯ ವಿಷಯದಲ್ಲಿ ಅವರ ಪರವಾಗಿ ನಿಲ್ಲುವವರ, ಅರ್ಜಿ ಬೇಕು. ಹತ್ತಿರದ ಬಂಧುಗಳಿಲ್ಲದವರಿಗೆ ಇಲ್ಲೇ ತೊಡಕು. ಹಾಗಾಗಿ ಅವರ ಮನಸ್ಸು ತಿಳಿಯಾಗಿರುವ ಒಂದು ಬೆಳಿಗ್ಗೆ, ತಾವು ನಂಬುವ ವಯಸ್ಕರೊಬ್ಬರನ್ನು ಅವರೇ ಹೆಸರಿಸಲಿ. ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿದರೆ ಸಾಕು, ಸ್ಟಾಂಪ್ ಪೇಪರ್ ಬೇಡ. ಆ ವ್ಯಕ್ತಿ ನೆರೆಯವರೂ ಆಗಬಹುದು. ಪ್ರತಿನಿಧಿಯ ಒಪ್ಪಿಗೆಯೂ ಲಿಖಿತವಾಗಿರಲಿ.

ಪೊಲೀಸರನ್ನು ಕರೆಯುವ ಪ್ರಸಂಗ ಬಂದರೆ ನೆನಪಿಡಿ: ಮಾನಸಿಕ ಕಾಯಿಲೆಯಿಂದ ಅಪಾಯದಲ್ಲಿರುವ ವ್ಯಕ್ತಿಯನ್ನು ಅವರು ರಕ್ಷಣೆಗೆ ತೆಗೆದುಕೊಂಡರೆ ಆದಷ್ಟು ಬೇಗ, 24 ಗಂಟೆ ಮೀರದಂತೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಇದು ಅದೇ 2017ರ ಕಾಯ್ದೆಯ 100ನೇ ಸೆಕ್ಷನ್. ಠಾಣೆಗೆ ಕರೆ ಮಾಡುವಾಗಲೇ ‘ಕಾಯಿಲೆಯವರು, ಆಯುಧ ಇಲ್ಲ, ಯಾರಿಗೂ ಹೊಡೆದಿಲ್ಲ’ ಎಂದು ಹೇಳಿದರೆ ಬರುವವರು ಬರುವ ರೀತಿಯೇ ಬೇರೆಯಾಗುತ್ತದೆ. ದೇವಸ್ಥಾನಕ್ಕೋ ದರ್ಗಾಕ್ಕೋ ಕರೆದೊಯ್ಯಬೇಕೆಂದು ಹಿರಿಯರು ಹೇಳಿದರೆ ಅದಕ್ಕೆ ಅಡ್ಡಿ ಮಾಡಬೇಡಿ. ಹರಕೆಯೂ ನಡೆಯಲಿ, ಗುಳಿಗೆಯೂ ನಡೆಯಲಿ. ಆದರೆ ಸರಪಳಿ, ಬೀಗ ಯಾವ ರೂಪದಲ್ಲೂ ಕೂಡದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನು ಇಟ್ಟಿದ್ದ ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸತ್ತರು. ಹೊರಗಿನಿಂದ ಚಿಲಕ ಹಾಕಿದ ಮೊದಲ ಮಹಡಿಯ ಮನೆಯಲ್ಲೂ ಅದೇ ಆಗಬಹುದು.

ಕಾಗದಪತ್ರಗಳಲ್ಲಿ ಒಂದಕ್ಕೆ ಗಡುವಿದೆ. ಮನೆಯಲ್ಲಿ ಆದ ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕಿತ್ತು. ಆಗಿಲ್ಲದಿದ್ದರೆ ವಿಳಂಬ ನೋಂದಣಿಗೆ ಮಹಾನಗರ ಪಾಲಿಕೆಯ ಜನನ ಮರಣ ವಿಭಾಗಕ್ಕೆ ಈಗಲೇ ಹೋಗಿ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ತರಬೇಕಾಗುತ್ತದೆ. ನಿಮಗೆ ಉಳಿದಿರುವುದು ನಾಲ್ಕು ತಿಂಗಳು. ಮರಣ ಪ್ರಮಾಣಪತ್ರ ಕೈಗೆ ಬಂದ ಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ, ಆಮೇಲೆ ಕೊಳಗೇರಿ ಮಂಡಳಿಯ ಕಚೇರಿಗೆ ಹಕ್ಕುಪತ್ರವನ್ನು ವಾರಸುದಾರರ ಹೆಸರಿಗೆ ಬದಲಿಸಲು ಅರ್ಜಿ. ರೇಷನ್ ಕಾರ್ಡಿನಲ್ಲಿ ತಾಯಿಯ ಹೆಸರು ತೆಗೆಸಿ ಇವರ ಹೆಬ್ಬೆಟ್ಟು, ಇ-ಕೆವೈಸಿ ಸರಿಯಿದೆಯೇ ನೋಡಿ. ಬೆಸ್ಕಾಂ ಬಾಕಿಯನ್ನು ಕಂತಿನಲ್ಲಿ ಕಟ್ಟಲು ಉಪವಿಭಾಗದಲ್ಲಿ ಲಿಖಿತವಾಗಿ ಕೇಳಿ, ಆರ್.ಆರ್. ನಂಬರನ್ನು ಇವರ ಹೆಸರಿಗೆ ಮಾಡಿಸಿ, ಗೃಹಜ್ಯೋತಿ ತಾಯಿಯ ಆಧಾರಿಗೆ ಜೋಡಣೆಯಾಗಿದ್ದರೆ ಬಿಡಿಸಿ ಇವರದಕ್ಕೆ ಜೋಡಿಸಿ. ಇಷ್ಟರಲ್ಲಿ ಕರೆಂಟ್ ಮೊದಲು ಬರಲಿ. ದೀಪ, ಫ್ಯಾನು ಬಂದ ವಾರದಲ್ಲೇ ರಾತ್ರಿಯ ಗದ್ದಲ ಒಂದಿಷ್ಟು ತಗ್ಗಬಹುದು.

ಆ ಸಂಬಂಧಿಯ ಮಾತಿಗೆ ಯಾವ ಕಾಗದದ ಮೇಲೂ ಸಹಿ ಆಗಕೂಡದು. ಮಾನಸಿಕ ಕಾಯಿಲೆ ಇದೆ ಎಂದ ಮಾತ್ರಕ್ಕೆ ಯಾರೂ ಆಸ್ತಿಯ ಹಕ್ಕು ಕಳೆದುಕೊಳ್ಳುವುದಿಲ್ಲ, ಕೋರ್ಟ್ ಹೇಳದೆ ಅವರನ್ನು ಬುದ್ಧಿ ಸ್ವಾಧೀನದಲ್ಲಿಲ್ಲದವರೆಂದು ಎಣಿಸುವಂತೆಯೂ ಇಲ್ಲ. ಇನ್ನೊಂದು ಕಡೆ, ಕಾಯಿಲೆ ಕೆರಳಿ ತಿಳಿವಳಿಕೆ ಇಲ್ಲದ ಹೊತ್ತಿನಲ್ಲಿ ಹಾಕಿಸಿಕೊಂಡ ಸಹಿಗೆ ಒಪ್ಪಂದದ ಬೆಲೆ ಇಲ್ಲ. ಆದರೂ ಅದನ್ನು ಕೋರ್ಟಿನಲ್ಲಿ ಬಿಡಿಸಿಕೊಳ್ಳಲು ವರ್ಷಗಳು ಬೇಕು, ತಡೆಯುವುದೇ ಸುಲಭ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇಂಥವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ಆದಾಯಕ್ಕೆ ದಾರಿ ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸ್ವಂತ ಆರೈಕೆ, ಜನರೊಂದಿಗಿನ ಬಳಕೆ, ಮಾತು ಮತ್ತು ತಿಳಿವಳಿಕೆ, ಕೆಲಸ ಎಂಬ ನಾಲ್ಕು ವಿಷಯಕ್ಕೆ 0ರಿಂದ 4ರವರೆಗೆ ಅಂಕ ಕೊಟ್ಟು, ಕಾಯಿಲೆಯ ಅವಧಿಯ ಅಂಕ ಸೇರಿಸುತ್ತಾರೆ. ಮೊತ್ತ 7 ಅಥವಾ ಹೆಚ್ಚಾದರೆ ವಿಕಲತೆ ಶೇ 40 ಅಥವಾ ಹೆಚ್ಚು ಎಂದಾಗುತ್ತದೆ, ಆಗ ಪಿಂಚಣಿಗೆ ಅರ್ಜಿ ಹಾಕಬಹುದು. ಅಳತೆಯ ದಿನ ಸ್ನಾನ ಮಾಡಿಸಿ, ಹೊಸ ಅಂಗಿ ಹಾಕಿಸಿ, ‘ಎಲ್ಲಾ ತಾನೇ ಮಾಡ್ಕೋತಾನೆ ಸಾರ್’ ಎಂದು ಅಭಿಮಾನದಿಂದ ಹೇಳಿ ಅಂಕ ಕಳೆದುಕೊಳ್ಳುವವರಿದ್ದಾರೆ. ಕೆಟ್ಟ ವಾರದಲ್ಲಿ ಹೇಗಿರುತ್ತಾರೋ ಅದನ್ನೇ ಹೇಳಿ. ಅರ್ಜಿಗೆ ನಿಮ್ಮ ಭಾಗದ ನಗರ ಪುನರ್ವಸತಿ ಕಾರ್ಯಕರ್ತರ ನೆರವು ಕೇಳಿ. ಹಣ ಬರತೊಡಗಿದ ಮೇಲೆ ಅದು ಅವರ ಖಾತೆಯಲ್ಲೇ ಇರಲಿ. ಎಟಿಎಂ ಕಾರ್ಡ್ ಬೇರೆಯವರ ಜೇಬಿಗೆ ಹೋದ ದಿನ ನೆರೆಹೊರೆಯ ಒಳ್ಳೆಯತನ ಕೆಡಲು ಶುರುವಾಗುತ್ತದೆ. ಯಾರಾದರೂ ಸಾಮಾನು ತಂದುಕೊಟ್ಟರೆ ಒಂದು ನೋಟ್‌ಬುಕ್ಕಿನಲ್ಲಿ ಮೊತ್ತ, ರಸೀದಿ, ಇಬ್ಬರ ಸಹಿ.

ಕಸವನ್ನು ಒಂದೇ ದಿನ ಎತ್ತಿಸಿ ಪಾಲಿಕೆಯ ಗಾಡಿಗೆ ತುಂಬುವ ಆಸೆ ಎಲ್ಲರಿಗೂ ಬರುತ್ತದೆ. ಅವರು ಆಸ್ಪತ್ರೆಯಲ್ಲಿದ್ದಾಗ ಹಾಗೆ ಮಾಡಿದರೆ, ಮರಳಿ ಬಂದವರಿಗೆ ಅದು ಕಳವಾದ ಮನೆ. ತಾಯಿಯ ಸೀರೆ, ಚೀಟಿ ಅದರಲ್ಲೇ ಇರಬಹುದು. ಬಾಗಿಲಿನಿಂದ ಒಳಕ್ಕೆ ಎರಡಡಿ ಅಗಲದ ದಾರಿ, ಒಲೆಯ ಸುತ್ತ ಮೂರಡಿ, ಬಚ್ಚಲು, ಈ ಮೂರು ಜಾಗ ಮೊದಲು. ಅವರೆದುರೇ, ದಿನಕ್ಕೊಂದು ಚೀಲ. ಕೊಳೆಯುವುದು ಮೊದಲು ಹೋಗಲಿ, ಕಾಗದ ಬಟ್ಟೆ ಕೊನೆಗೆ. ಸಿಲಿಂಡರಿನ ರೆಗ್ಯುಲೇಟರನ್ನು ರಾತ್ರಿ ಆಫ್ ಮಾಡುವ ಅಭ್ಯಾಸ ಮಾಡಿಸಿ.

ಚಿಕಿತ್ಸೆ ಶುರುವಾದ ಮೊದಲ ಎರಡು ವಾರ ಸೂಕ್ಷ್ಮ. ಕೂತಲ್ಲಿ ಕೂರಲಾಗದ ಚಡಪಡಿಕೆ, ಕೈ ನಡುಕ, ಕುತ್ತಿಗೆ ಒಂದು ಕಡೆಗೆ ಎಳೆದುಕೊಳ್ಳುವುದು ಕಂಡರೆ ‘ಕಾಯಿಲೆ ಜಾಸ್ತಿಯಾಯಿತು’ ಎಂದುಕೊಳ್ಳುತ್ತಾರೆ. ಹೆಚ್ಚಿನಂಶ ಅದು ಔಷಧಿಯ ಅಡ್ಡಪರಿಣಾಮ. ವೈದ್ಯರು ಪ್ರಮಾಣ ಬದಲಿಸಿದರೆ ಅಥವಾ ಇನ್ನೊಂದು ಗುಳಿಗೆ ಸೇರಿಸಿದರೆ ಕಡಿಮೆಯಾಗುತ್ತದೆ. ಹೇಳದೇ ಬಿಟ್ಟರೆ ಅವರು ಗುಳಿಗೆಯನ್ನೇ ಬಿಡುತ್ತಾರೆ. ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬೆವರು ಕಡಿಮೆ ಮಾಡುತ್ತದೆ, ಉಳಿದ ಗುಳಿಗೆಗಳೂ ಮೈಯ ಬಿಸಿ ತಗ್ಗುವುದಕ್ಕೆ ಅಡ್ಡಿ. ಆದ್ದರಿಂದ ಸುಧಾರಿಸಿದ ತಕ್ಷಣ ಮಂಡಕ್ಕಿ ಭಟ್ಟಿಯ ಕೆಲಸಕ್ಕೋ ಏಪ್ರಿಲ್ ಬಿಸಿಲಿನ ಹಮಾಲಿಗೋ ಹಚ್ಚಬೇಡಿ. ನೆರಳಿನ ಕೆಲಸ, ಮೊದಲು ದಿನಕ್ಕೆ ಎರಡು ಗಂಟೆ, ರಾತ್ರಿ ಪಾಳಿ ಬೇಡ. ಲಿಥಿಯಂ ಎಂಬ ಗುಳಿಗೆ ಕೊಟ್ಟಿದ್ದರೆ ನೀರು ಚೆನ್ನಾಗಿ ಕುಡಿಯಲಿ, ಉಪ್ಪನ್ನು ಒಮ್ಮೆಲೇ ಬಿಡಬಾರದು, ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬಾರದು. ವಾಂತಿ, ಭೇದಿ, ತೊದಲು, ತೂರಾಟ ಕಂಡರೆ ಅಂದಿನ ಗುಳಿಗೆ ನಿಲ್ಲಿಸಿ ಆಸ್ಪತ್ರೆಗೆ.

ಸಹಿ ಹಾಕಿದ 17 ಮನೆಯವರನ್ನು ಬೈಯಬೇಡಿ. ನಿದ್ದೆಗೆಟ್ಟು ಬೆಳಿಗ್ಗೆ ಕೆಲಸಕ್ಕೆ ಹೋಗುವವರ ಕಷ್ಟವೂ ನಿಜವೇ. ಅವರಿಗೆ ಕಾಯಿಲೆಯ ಹೆಸರು ಹೇಳಬೇಕಿಲ್ಲ, ಅದು ಆ ವ್ಯಕ್ತಿಯ ಗುಟ್ಟು. ಏನು ನಡೆಯುತ್ತಿದೆ, ರಾತ್ರಿ ಗದ್ದಲವಾದರೆ ಯಾರಿಗೆ ಫೋನ್ ಮಾಡಬೇಕು, ಮತ್ತೆ ಯಾವ ತಾರೀಖಿಗೆ ಕೂತು ಮಾತಾಡುವುದು, ಇಷ್ಟು ಹೇಳಿ. ನಾಲ್ಕು ವಾರದ ಗಡುವು ಇಟ್ಟುಕೊಂಡರೆ ಜನ ತಾಳುತ್ತಾರೆ. ‘ನೋಡ್ತೀವಿ’ ಎಂದರೆ ತಾಳುವುದಿಲ್ಲ. ಗೋಡೆ ಹಂಚಿಕೊಂಡ ಮನೆಯವರ ಮಲಗುವ ಜಾಗವನ್ನು ಆ ಗೋಡೆಯಿಂದ ಬದಲಿಸಲಾದೀತೇ ನೋಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಅವರ ವಿಡಿಯೋ ಹರಿದಾಡಿದ್ದರೆ ಇವತ್ತೇ ಅಳಿಸಲು ಹೇಳಿ. ಅದನ್ನು ಅವರೂ ನೋಡಿಬಿಟ್ಟರೆ ಬಾಗಿಲು ಮತ್ತೆ ತೆರೆಯುವುದು ಕಷ್ಟ. ನಾಳೆ ಅವರು ನಿಜವಾಗಿಯೂ ಯಾರಿಗಾದರೂ ಹೊಡೆದರೆ ದೂರು ಕೊಡುವುದು ಸರಿಯೇ, ಚಿಕಿತ್ಸೆಯೂ ಜೊತೆಗೇ ನಡೆಯಬೇಕು.

ಎರಡು ಮೂರು ತಿಂಗಳಲ್ಲಿ ಅವರು ತಿಳಿಯಾದಾಗ ಎದುರು ಕೂತು ಒಂದು ಪುಟ ಬರೆಸಿಕೊಳ್ಳಿ: ಕೆಡುವ ಮುನ್ನ ಅವರಿಗೇ ಗೊತ್ತಾಗುವ ಮೂರು ಗುರುತು. ಅನೇಕರಿಗೆ ಮೊದಲನೆಯದು ಎರಡು ರಾತ್ರಿ ನಿದ್ದೆ ಬಾರದಿರುವುದು. ಆಗ ಯಾರು ಬಂದು ಬಾಗಿಲು ತಟ್ಟಬೇಕು, ಯಾರು ಬರಬಾರದು, ಯಾವ ಆಸ್ಪತ್ರೆ, ಎರಡನೇ ಕೀಲಿಕೈ ಯಾರ ಮನೆಯಲ್ಲಿರಲಿ, ಎಲ್ಲವೂ ಅವರ ಮಾತಿನಲ್ಲೇ. ಒಂದು ಪ್ರತಿ ಅವರ ಗೋಡೆಯ ಕ್ಯಾಲೆಂಡರಿನ ಹಿಂದೆ, ಒಂದು ಆ ಕೀಲಿಕೈಯ ಜೊತೆ. ಮುಂದಿನ ಇಂಜೆಕ್ಷನ್ ತಾರೀಖನ್ನು ಅದೇ ಕ್ಯಾಲೆಂಡರಿನ ಮೇಲೆ ಅವರ ಕೈಯಿಂದಲೇ ಸುತ್ತು ಹಾಕಿಸಿ.